ಹೊನ್ನಿಗೆ ಬರೆದ ಪತ್ರ

ಹನ್ನೊಂದು ವರ್ಷದ ಹುಡುಗಿಯೊಬ್ಬಳನ್ನು ಕಂಡರೆ ತನಗೆ ಆಗುವುದಿಲ್ಲ ಎಂದು ಮೋನಿಷಾ ಡೈರಿಯಲ್ಲಿ ಬರೆದುಕೊಂಡಳು. ಬರೆದ ಮೇಲೆ ಆ ಸಾಲನ್ನು ಅಂಗೈಯಿಂದ ಮುಚ್ಚಿ ಸುತ್ತ ನೋಡಿದಳು. ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ, ಬೆಲ್ಲಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ದೊಮ್ಮಲೂರಿನ ಬಸ್ಸು ಎಲ್ಲಿ ತಪ್ಪೀತೋ ಎಂಬ ಹೆದರಿಕೆಗೆ ಅವಳು ದಿನವೂ ಎಲ್ಲರಿಗಿಂತ ಮೊದಲೇ ಬಂದು ಕೂರುತ್ತಿದ್ದಳು. ಧೈರ್ಯ ಮಾಡಿ ಇನ್ನೊಂದು ಸಾಲು ಸೇರಿಸಿದಳು: ‘ಆಗುವುದಿಲ್ಲ ಅನ್ನುವುದಕ್ಕಿಂತ ಹೆದರಿಕೆ ಅನ್ನಬೇಕೇನೋ. ಟೀಚರಾದವಳು ಮಗುವಿಗೆ ಹೆದರುವುದುಂಟೆ?’

ಹುಡುಗಿಯ ಹೆಸರು ರಿಮ್ಶಾ. ಹಲಸೂರು ಕೆರೆಯ ಹಿಂದಿನ ಗಲ್ಲಿಯ ಆ ಪುಟ್ಟ ಶಾಲೆಯಲ್ಲಿ ಆರನೇ ತರಗತಿ. ಮೋನಿಷಾ ಬಿ.ಎ. ಮುಗಿಸಿ, ಕಥೆ ಓದಿಸುವ ಪೀರಿಯಡ್ಡಿಗೆಂದು ಜೂನ್‌ನಲ್ಲಿ ಅಲ್ಲಿ ಸೇರಿದ್ದಳು. ಕಾಯಂ ಅಲ್ಲ, ಡಿಸೆಂಬರ್ ತನಕ ನೋಡೋಣ ಎಂದಿದ್ದರು. ಅವಳ ದನಿ ಮೊದಲಿನಿಂದಲೂ ಸಣ್ಣದು. ಮೊದಲ ದಿನವೇ ಮೂರನೇ ಬೆಂಚಿನಿಂದ ರಿಮ್ಶಾ ಕೈಯೆತ್ತಿ, “ಮಿಸ್, ನೀವು ನಮಗ್ ಹೇಳ್ತಿದೀರೋ, ನಿಮಗ್ ನೀವೇ ಹೇಳ್ಕೊಳ್ತಿದೀರೋ?” ಎಂದು ಕೇಳಿದ್ದಳು. ತರಗತಿಯೆಲ್ಲ ಗೊಳ್ಳೆಂದಿತ್ತು. ಅಂದಿನಿಂದ ಮೋನಿಷಾ ಪಾಠ ಮಾಡುವಾಗ ಮೂರನೇ ಬೆಂಚನ್ನು ಬಿಟ್ಟು ಉಳಿದೆಲ್ಲ ಕಡೆ ನೋಡುತ್ತಿದ್ದಳು.

ಈ ತಿಂಗಳು ಓದಿಸುತ್ತಿದ್ದುದು ಹೊನ್ನಿ ಎಂಬ ಹುಡುಗಿಯ ಕಥೆ. ಹೊನ್ನಿ ಒಂದು ಕೋಳಿ ಸಾಕಿರುತ್ತಾಳೆ. ಗೆಳತಿ ಚೆನ್ನಿ ತಮಾಷೆಗೆಂದು ಬುಟ್ಟಿ ಎತ್ತಿಬಿಡುತ್ತಾಳೆ. ಕೋಳಿ ಓಡಿಹೋಗುತ್ತದೆ, ಮತ್ತೆ ಸಿಗುವುದೇ ಇಲ್ಲ. ಹೊನ್ನಿ ಮಾತು ಬಿಡುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಚೆನ್ನಿಗೆ ಜ್ವರ ಬಂದಾಗ ಹೊನ್ನಿ ಲೋಟದಲ್ಲಿ ಗಂಜಿ ಹಿಡಿದು ಅವಳ ಮನೆಗೆ ಹೋಗುತ್ತಾಳೆ.

ಗೋಡೆಯ ಬೋರ್ಡಿನ ಮೇಲೆ ಮೋನಿಷಾ ಒಂದು ಉಣ್ಣೆ ದಾರ ಎಳೆದಿದ್ದಳು. ಪ್ರತಿ ಅಧ್ಯಾಯ ಮುಗಿದಾಗಲೂ ಹೊನ್ನಿಯ ಮನಸ್ಸು ಎಲ್ಲಿದೆ ಎಂದು ಮಕ್ಕಳು ಚರ್ಚಿಸಿ ಪಿನ್ನು ಚುಚ್ಚಬೇಕು. ಖುಷಿ ಇದ್ದರೆ ಮೇಲೆ, ಸಿಟ್ಟಿದ್ದರೆ ಕೆಳಗೆ. ದಾರ ಪಿನ್ನಿನಿಂದ ಪಿನ್ನಿಗೆ ಏರಿ ಇಳಿದು ಸಾಗುತ್ತದೆ. ಕೊನೆಯ ಅಧ್ಯಾಯದ ದಿನ ಎಲ್ಲರ ಪಿನ್ನುಗಳೂ ಮೇಲೆ ಹೋದವು. ರಿಮ್ಶಾ ಎದ್ದು ಬಂದು ಬಗ್ಗಿ, ಬೋರ್ಡಿನ ಮರದ ಅಂಚಿಗೆ ತಾಗುವಂತೆ ತನ್ನ ಪಿನ್ನು ಚುಚ್ಚಿದಳು.

“ಮಿಸ್, ರಿಮ್ಶಾನ ಹೊನ್ನಿ ನೆಲಮಾಳಿಗೆಗೆ ಇಳಿದ್ಲು!” ಎಂದು ಮುಂದಿನ ಬೆಂಚಿನ ಸಾಮಿಯಾ ಕೂಗಿದಳು.

“ಕೋಳಿ ವಾಪಸ್ ಬಂತಾ?” ರಿಮ್ಶಾ ತಿರುಗಿ ಕೇಳಿದಳು. “ಇಲ್ವಲ್ಲ. ಮತ್ತೆ ಸಿಟ್ಟು ಎಲ್ಲಿಗ್ ಹೋಯ್ತು?”

“ಗಂಜಿ ತಗೊಂಡ್ ಹೋದ್ಲಲ್ಲ,” ಕಿಟಕಿ ಪಕ್ಕದ ನಂದಿತಾ ನೋಟ್‌ಬುಕ್ಕಿನಿಂದ ತಲೆಯೆತ್ತದೆ ಹೇಳಿದಳು. “ಸಿಟ್ಟಿದ್ರೆ ಹೋಗ್ತಿದ್ಲಾ?”

“ಅವರಮ್ಮ ಕಳ್ಸಿರ್ತಾರೆ.”

“ಕಥೇಲಿ ಹಂಗಿಲ್ಲ.”

“ಕಥೆ ಬರ್ದೋರಿಗೆ ಎಲ್ಲಾ ಗೊತ್ತಿರುತ್ತಾ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, ಗೋಡೆಗೆ ಮಾತಾಡಿದಂತೆ ಮಾತಾಡುತ್ತಿದ್ದರು. ದಸರಾ ರಜೆಗೆ ಮೊದಲು ಅವರು ಒಂದೇ ಬೆಂಚಿನಲ್ಲಿ, ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದವರು. ಈಗ ಒಬ್ಬಳು ಈ ಗೋಡೆಗೆ, ಇನ್ನೊಬ್ಬಳು ಆ ಗೋಡೆಗೆ. ಏನಾಯಿತೆಂದು ಮೋನಿಷಾಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಟೀಚರುಗಳ ಕೈಪಿಡಿಯಲ್ಲಿ ಉತ್ತರ ಸ್ಪಷ್ಟವಾಗಿತ್ತು: ಮೊದಲು ಸಿಟ್ಟು, ನಡುವೆ ಬೇಸರ, ಕೊನೆಗೆ ಸ್ನೇಹ. ಅವಳು ಬೋರ್ಡಿನ ಹತ್ತಿರ ಹೋಗಿ ರಿಮ್ಶಾಳ ಪಿನ್ನನ್ನು ಕಿತ್ತು, ಮೆಲ್ಲಗೆ ಮೇಲಿನ ಗುಂಪಿಗೆ ಚುಚ್ಚಿದಳು.

ರಿಮ್ಶಾ ನೋಡುತ್ತ ನಿಂತಿದ್ದಳು. “ಮತ್ತೆ ನಮ್ಮನ್ನ ಕೇಳಿದ್ದು ಯಾಕೆ ಮಿಸ್?”

ಮೋನಿಷಾ ಕೈಪಿಡಿ ಮುಚ್ಚಿದಳು. ಬೆಲ್ಲಾಯಿತು.

ಆ ವಾರದ ಮನೆಕೆಲಸ ನೋಟ್‌ಬುಕ್ಕಿನಲ್ಲಿ ಹೊನ್ನಿಗೆ ಒಂದು ಪತ್ರ ಬರೆದು ಬುಕ್ಕು ಒಪ್ಪಿಸುವುದು. “ಮನಸ್ಸಲ್ಲಿ ಇದ್ದದ್ದನ್ನ ಬರೀರಿ. ನಾನೊಬ್ಬಳೇ ಓದ್ತೀನಿ, ಬೇರೆ ಯಾರಿಗೂ ತೋರ್ಸಲ್ಲ,” ಎಂದು ಮೋನಿಷಾ ಮಾತು ಕೊಟ್ಟಿದ್ದಳು. ಮೂವತ್ತೆರಡು ಪತ್ರಗಳಲ್ಲಿ ಮೂವತ್ತೊಂದು, ‘ಪ್ರೀತಿಯ ಹೊನ್ನಿ, ನೀನು ತುಂಬಾ ಒಳ್ಳೆಯವಳು’ ಎಂದು ಶುರುವಾಗಿದ್ದವು. ಉಳಿದ ಒಂದು ಹೀಗಿತ್ತು:

‘ಹೊನ್ನಿ, ನೀನು ಗಂಜಿ ಕೊಟ್ಟಿದ್ದು ನನಗೆ ಇಷ್ಟ ಆಗಲಿಲ್ಲ. ನನಗೂ ಒಬ್ಬಳು ಚೆನ್ನಿ ಇದ್ದಳು. ಅಮ್ಮಿಯ ದುಪಟ್ಟಾ ತುದಿ ಹಿಡಿದುಕೊಳ್ಳದೆ ನನಗೆ ನಿದ್ದೆ ಬರುವುದಿಲ್ಲ ಅಂತ ಅವಳೊಬ್ಬಳಿಗೇ ಹೇಳಿದ್ದೆ. ಅವಳು ವ್ಯಾನಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದಳು. ಈಗ ನಾನು ಹಿಂದಿನ ಸೀಟಿನಲ್ಲಿ ಬ್ಯಾಗುಗಳ ಜೊತೆ ಕೂರುತ್ತೇನೆ. ಬ್ಯಾಗುಗಳು ಯಾರಿಗೂ ಏನೂ ಹೇಳುವುದಿಲ್ಲ. ಅವಳೇ ಬಂದು ಮಾತಾಡಿಸಿದರೆ ನಾನು ಮಾತಾಡಿಬಿಡುತ್ತೇನೇನೋ ಅಂತ ನನಗೆ ನನ್ನ ಮೇಲೇ ಸಿಟ್ಟು. ನಿನಗೂ ಹಾಗೇ ಆಯಿತಾ?’

ಮೋನಿಷಾ ಅದನ್ನು ಮೂರು ಸಲ ಓದಿದಳು. ನಾಲ್ಕು ತಿಂಗಳಿಂದ ಎದೆಯಲ್ಲಿ ಮುಳ್ಳಿನಂತೆ ಕೂತಿದ್ದ ಹುಡುಗಿ ಒಮ್ಮೆಗೇ ತನ್ನ ಪಕ್ಕಕ್ಕೆ ಬಂದು ಕೂತಂತಾಯಿತು. ಆ ಪಿನ್ನು ಎಲ್ಲಿಂದ ಬಂತೆಂದು ಈಗ ತಿಳಿಯಿತು. ಇದನ್ನು ಯಾರಿಗಾದರೂ ತೋರಿಸಬೇಕು ಎನಿಸಿತು. ಅಲ್ಲಿಂದಲೇ ಕೆಡುಕು ಶುರುವಾದದ್ದು.

ಮೊದಲು ಮಂಜುಳಮ್ಮ ಮೇಡಂಗೆ ತೋರಿಸಬೇಕು ಎನಿಸಿತು. ಇಪ್ಪತ್ತೆರಡು ವರ್ಷದಿಂದ ಆ ಶಾಲೆಯಲ್ಲಿ ಕನ್ನಡ ಕಲಿಸುತ್ತಿರುವವರು, ಈಗ ಮುಖ್ಯೋಪಾಧ್ಯಾಯಿನಿಯೂ ಅವರೇ. ಅವರು ದಾರದ ಬೋರ್ಡನ್ನು ನೋಡಿ, “ಏನ್ರೀ ಮೋನಿಷಾ, ಇದು ಪಾಠಾನೋ ಸ್ವೆಟರ್ ಹೆಣೆಯೋ ಕ್ಲಾಸೋ?” ಎಂದಿದ್ದರು. ಮುಂದಿನ ಶನಿವಾರ ತಂದೆತಾಯಂದಿರು ಬಂದು ಮಕ್ಕಳ ಕೆಲಸ ನೋಡುವ ದಿನ. “ಅವತ್ತು ಗೋಡೆ ಮೇಲೆ ಏನಾದ್ರೂ ಕಾಣ್ಬೇಕು. ಇಲ್ಲಾಂದ್ರೆ ಡಿಸೆಂಬರ್ ಆದ್ಮೇಲೆ ಈ ಪೀರಿಯಡ್ ಯಾಕೆ ಅಂತ ಕಮಿಟಿಯವರು ಕೇಳ್ತಾರೆ, ನನ್ನ ಹತ್ರ ಉತ್ತರ ಇಲ್ಲ,” ಎಂದೂ ಹೇಳಿದ್ದರು.

ಹೆಸರು ತೆಗೆದರೆ ಯಾರಿಗೆ ಗೊತ್ತಾಗುತ್ತದೆ ಎಂದು ಮೋನಿಷಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ದುಪಟ್ಟಾದ ಮಾತನ್ನು ತೆಗೆದು ‘ಒಂದು ಗುಟ್ಟು’ ಎಂದು ಮಾಡಿದಳು. ವ್ಯಾನು, ಹಿಂದಿನ ಸೀಟು, ಬ್ಯಾಗುಗಳನ್ನು ಹಾಗೇ ಬಿಟ್ಟಳು. ಅವೇ ಪತ್ರದ ಚೆಂದ ಎನಿಸಿತ್ತು. ಬಸ್ಸಿನಲ್ಲಿ ಓಡಾಡುವ ಅವಳಿಗೆ, ಶಾಲೆಯ ವ್ಯಾನಿನಲ್ಲಿ ಬರುವುದು ಒಂಬತ್ತೇ ಮಕ್ಕಳೆಂದಾಗಲೀ, ಹಿಂದಿನ ಸೀಟಿನಲ್ಲಿ ಬ್ಯಾಗುಗಳ ಜೊತೆ ಯಾರು ಕೂರುತ್ತಾರೆಂದು ಒಂಬತ್ತೂ ಮಕ್ಕಳಿಗೆ ಗೊತ್ತೆಂದಾಗಲೀ ಹೊಳೆಯಲೇ ಇಲ್ಲ.

ಶಾಲೆಯ ಚಾರ್ಟುಗಳೆಲ್ಲ ದುಂಡಗೆ ಬರೆಯುವ ಮಗುವಿನ ಕೈಯಲ್ಲೇ ಆಗಬೇಕು. ಅದು ಅಲ್ಲಿನ ವಾಡಿಕೆ. ಆರನೇ ತರಗತಿಯಲ್ಲಿ ಆ ಕೈ ನಂದಿತಾಳದು. ಶುಕ್ರವಾರ ಸಂಜೆ ಎಲ್ಲರೂ ಆಟಕ್ಕೆ ಹೋದ ಮೇಲೆ ಮೋನಿಷಾ ಅವಳನ್ನು ಕೂರಿಸಿಕೊಂಡು ಮೆಲುದನಿಯಲ್ಲಿ ಓದಿ ಹೇಳಿದಳು. ನಂದಿತಾ ಹಸಿರು ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತ ಹೋದಳು. ‘ಹಿಂದಿನ ಸೀಟಿನಲ್ಲಿ’ ಎಂಬಲ್ಲಿ ಪೆನ್ನು ನಿಂತಿತು.

“ಮಿಸ್, ಇದು ಯಾರ್ ಬರ್ದಿದ್ದು?”

“ಯಾರೋ ಒಬ್ರು. ಕಲ್ಪನೆ ಅಷ್ಟೇ. ಬರಿ.”

ನಂದಿತಾಳ ಕಿವಿಯ ತುದಿಗಳು ಕೆಂಪಾದವು. ಆಮೇಲೆ ಮಿಕ್ಕದ್ದನ್ನೆಲ್ಲ ಒಂದೂ ಚಿತ್ತಿಲ್ಲದೆ ಬರೆದು ಮುಗಿಸಿ, ಪೆನ್ನಿನ ಮುಚ್ಚಳ ಹಾಕಿ, ಹೇಳದೆ ಕೇಳದೆ ಎದ್ದು ಹೋದಳು.

ಶನಿವಾರ ಬೆಳಿಗ್ಗೆ ತಂದೆತಾಯಂದಿರು ಬರುವ ಮೊದಲೇ ಅದು ನಡೆದುಹೋಯಿತು. ಸಾಮಿಯಾ ಚಾರ್ಟನ್ನು ಓದುತ್ತ ಓದುತ್ತ ಬಾಯಿಗೆ ಕೈ ಹಿಡಿದುಕೊಂಡು, “ಲೇ, ಹಿಂದಿನ ಸೀಟು! ಬ್ಯಾಗುಗಳು! ಇದು ನಮ್ ದುಪಟ್ಟಾ ಕಣ್ರೇ!” ಎಂದು ಕಿರುಚಿದಳು. ವ್ಯಾನಿನ ಮಕ್ಕಳೆಲ್ಲ ಓಡಿ ಬಂದರು. “ದುಪಟ್ಟಾ, ದುಪಟ್ಟಾ” ಎಂಬ ಕೂಗು ಕಾರಿಡಾರ್ ತುಂಬಿತು. ರಿಮ್ಶಾ ಒಳಗೆ ಬಂದಳು. ಗೋಡೆಯ ಮೇಲೆ ತನ್ನ ಮಾತು, ನಂದಿತಾಳ ಕೈಬರಹದಲ್ಲಿ. ಅವಳು ಓದಿ ಮುಗಿಸುವ ತನಕ ನಿಂತಳು, ಕೊನೆಯ ಸಾಲಿನ ತನಕ. ಆಮೇಲೆ ಚಾರ್ಟನ್ನು ಹಿಡಿದು ಎಳೆದಳು. ಜೊತೆಗೆ ದಾರವೂ ಪಿನ್ನುಗಳೂ ಕಿತ್ತು ಬಂದವು. ನಂದಿತಾಳ ಜಡೆ ಹಿಡಿದು ಬೆಂಚಿಗೆ ಒರಗಿಸಿ ಕೆನ್ನೆಗೆ ಎರಡು ಬಾರಿಸಿದಳು.

“ಕಳ್ಳಿ! ನನ್ ಬುಕ್ ಕದ್ದು ಓದ್ತೀಯಾ? ಗೋಡೆ ಮೇಲೆ ಬರೀತೀಯಾ?”

“ನಾನ್ ಕದ್ದಿಲ್ಲ! ಮಿಸ್ಸೇ ಕೊಟ್ಟಿದ್ದು! ಮಿಸ್ ಹೇಳಿದ್ರು, ನಾನ್ ಬರ್ದೆ!”

ಅಷ್ಟರಲ್ಲಿ ಮಂಜುಳಮ್ಮ ಬಾಗಿಲಲ್ಲಿ ನಿಂತಿದ್ದರು. ಅವರು ಮೋನಿಷಾಳ ಕಡೆ ತಿರುಗಿದರು. “ಹೌದೇನ್ರೀ?”

ಮೂವತ್ತೆರಡು ಮಕ್ಕಳು ಅವಳನ್ನೇ ನೋಡಿದರು. “ನಾನು… ಚಾರ್ಟ್ ಹಾಳೆ ಕೊಟ್ಟಿದ್ದೆ ಮೇಡಂ,” ಎಂದಳು ಮೋನಿಷಾ. ಅದು ಸುಳ್ಳಲ್ಲ, ಹಾಳೆಯನ್ನು ಕೊಟ್ಟಿದ್ದು ಅವಳೇ.

“ಅಂದ್ರೆ ಅವ್ಳು ಏನ್ ಬರ್ದ್ಲು ಅಂತ ನೋಡ್ದೆ ಗೋಡೆಗೆ ಹಾಕಿದ್ರಿ. ಬೇಜವಾಬ್ದಾರಿ ಅಂದ್ರೆ ಇದೇ.” ಮಂಜುಳಮ್ಮ ತಾವೇ ಅವಳ ವಾಕ್ಯವನ್ನು ಮುಗಿಸಿ ಅವಳ ಕೈಗಿಟ್ಟುಬಿಟ್ಟರು. ಮೋನಿಷಾ ತಲೆಯಾಡಿಸಿದಳು. ಅಷ್ಟೇ. ಒಂದು ಸಲ ತಲೆ ಆಡಿತು. ನಂದಿತಾ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಆ ತಲೆಯಾಡಿಸುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಮತ್ತೆ ಅವಳು ಬಾಯಿ ತೆರೆಯಲಿಲ್ಲ.

ಮೋನಿಷಾ ಕಸದ ಬುಟ್ಟಿಗೆ ಪಿನ್ನುಗಳನ್ನು ಆಯ್ದು ಹಾಕುತ್ತಿದ್ದಾಗ ರಿಮ್ಶಾ ಹತ್ತಿರ ಬಂದಳು. ಕಣ್ಣು ಊದಿತ್ತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳ ದನಿಯಲ್ಲಿ ಕೊಂಕಿರಲಿಲ್ಲ. “ನಿಮ್ ಟೇಬಲ್ಲಿಂದಾನೇ ಕದ್ದಿದಾಳೆ ಮಿಸ್. ನೀವು ಬೀಗ ಹಾಕ್ಬೇಕಿತ್ತು. ಪಾಪ, ನಿಮಗೂ ಬೈಸ್ಕೊಳ್ಳೋ ಹಾಗಾಯ್ತು.” ಬಗ್ಗಿ ಎರಡು ಪಿನ್ನು ಆರಿಸಿ ಅವಳ ಅಂಗೈಗೆ ಹಾಕಿ ಹೋದಳು. ಮೋನಿಷಾಗೆ ಆ ಕನಿಕರಕ್ಕಿಂತ ಹಳೆಯ ಗೇಲಿಯೇ ವಾಸಿ ಎನಿಸಿತು.

ಭಾನುವಾರ ಇಡೀ ದಿನ ಅವಳು ಯಾರ ಮೇಲೆ ಸಿಟ್ಟಾಗುವುದೆಂದು ಹುಡುಕಿದಳು. ಮೊದಲು ಮಂಜುಳಮ್ಮನ ಮೇಲೆ ಸಿಟ್ಟಾಯಿತು. ಅವರು ಯಾಕೆ ತಾವೇ ಉತ್ತರ ಕೊಟ್ಟುಬಿಡಬೇಕಿತ್ತು? ಮಧ್ಯಾಹ್ನದ ಹೊತ್ತಿಗೆ ರಿಮ್ಶಾಳ ಮೇಲೆ: ಅಷ್ಟು ಚೆನ್ನಾಗಿ ಬರೆಯಲು ಇವಳಿಗೆ ಹೇಳಿದವರು ಯಾರು? ಸಂಜೆ ಅವಳಿಗೇ ಆಶ್ಚರ್ಯವಾಗುವಂತೆ ಸಿಟ್ಟು ನಂದಿತಾಳ ಮೇಲೆ ಬಂದು ನಿಂತಿತು. ಆ ಹುಡುಗಿ ಇನ್ನೊಂದು ಸಲ, ಒಂದೇ ಒಂದು ಸಲ ಗಟ್ಟಿಯಾಗಿ, ‘ಮಿಸ್ ಸುಳ್ಳು ಹೇಳ್ತಿದಾರೆ’ ಎಂದಿದ್ದರೆ ತನಗೆ ಒಪ್ಪಿಕೊಳ್ಳುವುದು ಎಷ್ಟು ಸುಲಭವಾಗುತ್ತಿತ್ತು! ಯಾಕೆ ಸುಮ್ಮನಾದಳು? ಡೈರಿ ತೆರೆದಳು, ತಾರೀಖು ಬರೆದಳು, ಮುಚ್ಚಿಟ್ಟಳು. ಸ್ವಂತ ಡೈರಿಗೂ ಹೇಳಲಾಗದ ಕೆಲಸವನ್ನು ಅವಳು ಬದುಕಿನಲ್ಲಿ ಮೊದಲ ಸಲ ಮಾಡಿದ್ದಳು.

ಸೋಮವಾರ ಮಂಜುಳಮ್ಮನ ಕೋಣೆಗೆ ಎರಡು ಮನೆಯವರನ್ನೂ ಕರೆಸಿದ್ದರು. ಒಂದು ಕುರ್ಚಿಯಲ್ಲಿ ರಿಮ್ಶಾಳ ತಾಯಿ ಉಮ್ಮೆ ಕುಲ್ಸುಂ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ಬ್ಲೌಸಿನ ಮೇಲೆ ಜರಿ ಕಸೂತಿ ಹಾಕಿಕೊಡುವ ಹೆಂಗಸು. ಬುರ್ಖಾದ ತೋಳಿಗೆ ಇನ್ನೂ ಒಂದೆರಡು ಜರಿ ಎಳೆ ಅಂಟಿದ್ದವು. ಇನ್ನೊಂದರಲ್ಲಿ ನಂದಿತಾಳ ತಂದೆ ಜಗದೀಶ್, ಜೀವನ್ ಬಿಮಾ ನಗರದವರು, ಅರ್ಧ ದಿನದ ರಜೆ ಹಾಕಿ ಬಂದ ಸಿಟ್ಟು ಮುಖದ ಮೇಲೇ ಇತ್ತು. ಹುಡುಗಿಯರಿಬ್ಬರೂ ಗೋಡೆಗೆ ಆನಿಕೊಂಡು ನಿಂತಿದ್ದರು. ಮೋನಿಷಾ ಬೀರುವಿನ ಪಕ್ಕ.

“ನೋಡ್ರೀ ಮೇಡಂ,” ಜಗದೀಶ್ ಶುರು ಮಾಡಿದರು, “ನನ್ ಮಗಳ ಕೆನ್ನೆ ಮೇಲೆ ಬೆರಳಚ್ಚು ಇನ್ನೂ ಹೋಗಿಲ್ಲ. ಇವರ ಕಡೆ ಹೊಡೆದಾಟ ಮಾಮೂಲಿರ್ಬಹುದು, ನಮ್ಮನೇಲಿ ಇಲ್ಲ.”

“ಇವರ ಕಡೆ ಅಂದ್ರೆ ಯಾವ್ ಕಡೆ ಸಾರ್?” ಉಮ್ಮೆ ಕುಲ್ಸುಂ ಕೂತಲ್ಲಿಂದಲೇ ಕೇಳಿದರು. “ಹೇಳಿ, ನಾನೂ ನೋಡ್ಕೊಂಡ್ ಬರ್ತೀನಿ. ನಮ್ ಹುಡ್ಗಿ ಕೈ ಎತ್ತಿದ್ದು ತಪ್ಪು, ಮನೇಲಿ ಬೈದಿದೀನಿ. ಆದ್ರೆ ಅವಳ ಮನಸಿನ ಮಾತು ಕದ್ದು ಊರಿಗೆಲ್ಲಾ ಸಾರಿದ್ದು ಯಾರು? ನಿಮ್ ಮನೇಲಿ ಅದು ಮಾಮೂಲಾ?”

“ರೀ, ನಾಲಿಗೆ ಹಿಡ್ಕೊಳಿ!”

“ಹಿಡ್ಕೊಂಡೇ ಬಂದಿದೀನಿ ಸಾರ್. ಬಿಟ್ರೆ ನೀವು ತಡ್ಕೊಳಲ್ಲ.”

ಮಂಜುಳಮ್ಮ ಡಸ್ಟರಿನಿಂದ ಮೇಜು ತಟ್ಟಿದರು. “ಇದು ಮಾರ್ಕೆಟ್ಟಲ್ಲ. ನಾನು ತೀರ್ಮಾನ ಮಾಡಿ ಆಗಿದೆ. ರಿಮ್ಶಾ ಹೊಡ್ದಿದ್ದಕ್ಕೆ ಕ್ಷಮೆ ಕೇಳ್ಬೇಕು. ನಂದಿತಾ ಟೀಚರ್ ಮೇಜಿಂದ ಬುಕ್ ಕದ್ದಿದ್ದಕ್ಕೆ, ಅದನ್ನ ಟೀಚರ್ ತಲೆಗೆ ಕಟ್ಟಿದ್ದಕ್ಕೆ ಕ್ಷಮೆ ಕೇಳ್ಬೇಕು. ಇಲ್ಲಿ ಹೇಳಿ, ನಾಳೆ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಹೇಳಿ. ಹೇಳಿದ್ರೆ ಮುಗೀತು. ಇಲ್ಲಾಂದ್ರೆ ಕಳ್ಳತನ ಅಂತಾನೇ ಬರ್ದು ಟಿ.ಸಿ. ಕೊಡ್ತೀನಿ. ಕಥೇಲಿ ಹೊನ್ನಿ ಚೆನ್ನಿ ಒಂದಾಗ್ಲಿಲ್ವಾ? ಹಾಗೇ ಕೈ ಕುಲುಕಿ ಮನೆಗ್ ಹೋಗಿ.”

“ಹೇಳ್ಬಿಡು ಪುಟ್ಟಾ,” ಜಗದೀಶ್ ಮಗಳ ಕಡೆ ಬಗ್ಗಿದರು. ಅವರ ದನಿ ಈಗ ಸಿಟ್ಟಿನದಲ್ಲ, ಸುಸ್ತಿನದು. “ಕದ್ದಿದ್ರೆ ಕದ್ದೆ ಅನ್ನು. ಮುಗಿಸ್ಕೊಂಡ್ ಹೋಗೋಣ.”

“ಅಪ್ಪಾ, ನೀನೂನಾ?”

ಅವಳು ಅಷ್ಟೇ ಕೇಳಿದ್ದು. ಜಗದೀಶ್ ಕಣ್ಣು ತಪ್ಪಿಸಿ ವಾಚು ನೋಡಿಕೊಂಡರು. ನಂದಿತಾ ಕೋಣೆಯಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಮೋನಿಷಾಳದೊಂದನ್ನು ಬಿಟ್ಟು. ಮೂರನೇ ಬೆಂಚನ್ನು ಬಿಟ್ಟು ಉಳಿದೆಲ್ಲ ಕಡೆ ನೋಡುವವಳಿಗೆ ಆ ನೋಟದ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ನಂದಿತಾ ಅಂಗೈಯಿಂದ ಮೂಗೊರೆಸಿಕೊಂಡು, ಪಾಠ ಒಪ್ಪಿಸುವವಳಂತೆ ನೇರ ನಿಂತಳು.

“ನಾನು… ಮಿಸ್ ಟೇಬಲ್ ಮೇಲಿಂದ…”

“ಸುಳ್ಳು,” ಎಂದಳು ರಿಮ್ಶಾ.

ಎಲ್ಲರೂ ಅವಳ ಕಡೆ ತಿರುಗಿದರು. “ನೀನ್ ಸುಮ್ನಿರು ಬೇಟಾ,” ಎಂದು ತಾಯಿ ಮೊಣಕೈ ಹಿಡಿದರು. ರಿಮ್ಶಾ ಬಿಡಿಸಿಕೊಂಡಳು.

“ಇವ್ಳು ಕದ್ದಿಲ್ಲ. ಕದ್ದಿದ್ರೆ ಶುಕ್ರವಾರಾನೇ ವ್ಯಾನಲ್ಲಿ ಎಲ್ರಿಗೂ ಹೇಳಿರ್ತಿದ್ಲು. ಇವಳ ಹೊಟ್ಟೇಲಿ ಏನೂ ನಿಲ್ಲಲ್ಲ, ನನಗ್ ಗೊತ್ತಿಲ್ವಾ? ಅವತ್ತು ಜೀವನ್ ಬಿಮಾ ನಗರ ಬರೋ ತನಕ ಒಂದ್ ಮಾತೂ ಆಡಿಲ್ಲ. ಕಿಟಕಿ ಹೊರಗೇ ನೋಡ್ತಿದ್ಲು.” ನಂದಿತಾಳ ಕಡೆ ನೋಡದೆಯೇ ಅವಳು ಮುಂದುವರಿಸಿದಳು, “ಅಂದ್ರೆ ನಾನ್ ಇವಳನ್ನ ಮಾತಾಡಿಸ್ತೀನಿ ಅಂತಲ್ಲ. ವ್ಯಾನಲ್ಲಿ ನಗಿಸಿದ್ದು ಇವ್ಳೇ. ಅದು ಹಂಗೇ ಇದೆ.”

“ನಾನೂ ನಿನ್ನ ಮಾತಾಡಿಸಲ್ಲ,” ಎಂದಳು ನಂದಿತಾ, ಅಳುತ್ತಲೇ.

“ಬೇಡ ಬಿಡು.”

ರಿಮ್ಶಾ ಬೀರುವಿನ ಕಡೆ ತಿರುಗಿದಳು. ಶನಿವಾರದ ಆ ಕನಿಕರ ಮುಖದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು, ಆದರೆ ಅದು ಮೋನಿಷಾಳ ಕಣ್ಣೆದುರೇ ಆರಿಹೋಗುತ್ತಿತ್ತು. ಹುಡುಗಿ ಮನಸ್ಸಿನಲ್ಲೇ ಒಂದೊಂದಾಗಿ ಜೋಡಿಸುತ್ತಿದ್ದಳು: ಬುಕ್ಕು ಯಾರ ಹತ್ತಿರ ಇತ್ತು, ಯಾರೊಬ್ಬರೇ ಓದುತ್ತೇನೆಂದಿದ್ದರು, ದುಪಟ್ಟಾ ಬದಲು ‘ಒಂದು ಗುಟ್ಟು’ ಎಂದು ಯಾರು ಬರೆಸಿಯಾರು.

“ಮಿಸ್,” ಅವಳು ಮೆಲ್ಲಗೆ ಕೇಳಿದಳು, “ಇವಳಿಗೆ ಕೊಟ್ಟಿದ್ದು ಯಾರು?”

“ಏಯ್, ಟೀಚರನ್ನ ಪ್ರಶ್ನೆ ಕೇಳೋದು ಬೇರೆ!” ಮಂಜುಳಮ್ಮ ಗದರಿದರು. “ಅವರು ಅವತ್ತೇ ಹೇಳಿದಾರೆ. ಮೋನಿಷಾ, ನೀವ್ ಕ್ಲಾಸಿಗೆ ಹೋಗ್ರೀ.”

ಬಾಗಿಲು ಎರಡೇ ಹೆಜ್ಜೆಯಲ್ಲಿತ್ತು. ಹೋಗು ಎಂದಿದ್ದಾರೆ, ಹೋಗಬಹುದಿತ್ತು. ಡಿಸೆಂಬರ್ ಕಳೆದ ಮೇಲೂ ಇದೇ ಬಸ್ಸು ಹತ್ತಿ ಇದೇ ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಮೊದಲು ಬಂದು ಕೂರಬಹುದಿತ್ತು. ನಂದಿತಾ ಮತ್ತೆ ಬಾಯಿ ತೆರೆಯುತ್ತಿದ್ದಳು. ಈ ಸಲ ಅವಳು ಹೇಳಿಯೇಬಿಡುತ್ತಾಳೆ. ಹೇಳಿದ ಮೇಲೆ ಅದೇ ನಿಜವಾಗಿ ನಿಂತುಬಿಡುತ್ತದೆ. ಮೋನಿಷಾ ಬೀರುವಿನ ಹಿಡಿಯನ್ನು ಹಿಡಿದುಕೊಂಡಳು. ಹೊರಟ ದನಿ ಅವಳಿಗೇ ಗುರುತು ಸಿಗದಷ್ಟು ದೊಡ್ಡದಾಗಿತ್ತು.

“ನಾನು ಕೊಟ್ಟೆ ರಿಮ್ಶಾ. ಯಾರಿಗೂ ತೋರ್ಸಲ್ಲ ಅಂದು ನಾನೇ ಓದಿ ಹೇಳ್ದೆ, ನಂದಿತಾ ಬರ್ದ್ಲು. ಅವ್ಳು ಕದ್ದಿಲ್ಲ. ಶನಿವಾರ ಸುಳ್ಳು ಹೇಳಿದ್ದು ನಾನು.”